ಪರಸೋಂ ಕೊಟ್ಟ ಖಲಬತ್ತಾ

ಅನುಮಾನ ನನ್ನ ವಿದ್ಯೆಯೂ ಹೌದು, ಕಾಯಿಲೆಯೂ ಹೌದು. ಕನ್ನಡದಲ್ಲಿ ಈ ಒಂದೇ ಶಬ್ದಕ್ಕೆ ಎರಡು ಅರ್ಥ ಇರುವುದರಿಂದ ನನ್ನ ಜೀವನಚರಿತ್ರೆಯನ್ನು ಒಂದೇ ಮಾತಿನಲ್ಲಿ ಮುಗಿಸುವ ಅನುಕೂಲ ನನಗೆ ಒದಗಿದೆ. ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಗೊತ್ತಿರುವ ಸಂಗತಿಯಿಂದ ಗೊತ್ತಿಲ್ಲದ ಸಂಗತಿಯನ್ನು ತಿಳಿದುಕೊಳ್ಳುವ ವಿಧಾನ. ಮನೆಯಲ್ಲಿ ಅನುಮಾನ ಎಂದರೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ತಿರುಗಿ ಬರುವುದು. ಮೊದಲನೆಯದರಲ್ಲಿ ಧಾರವಾಡದಲ್ಲಿ ಎಂ.ಎ. ಮಾಡಿದ್ದೇನೆ. ಎರಡನೆಯದನ್ನು ಯಾರೂ ಕಲಿಸಲಿಲ್ಲ, ಸ್ವಂತ ಪರಿಶ್ರಮ. ಎಂ.ಎ.ಯಲ್ಲಿ ಎರಡನೇ ದರ್ಜೆ ಬಂದಿತ್ತೆಂದು ನನ್ನ ನೆನಪು. ಸರ್ಟಿಫಿಕೇಟಿನಲ್ಲಿ ಮೊದಲನೇ ದರ್ಜೆ ಎಂದಿದೆ. ಆ ಸರ್ಟಿಫಿಕೇಟಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಆದ್ದರಿಂದ ಈ ಬರಹದಲ್ಲಿ ಬರುವ ಮಾತುಗಳನ್ನು ಯಾರು ಯಾವ ಕ್ರಮದಲ್ಲಿ ಆಡಿದರು ಎಂದು ಪ್ರಮಾಣ ಮಾಡಿ ಹೇಳಲಾರೆ. ನನ್ನ ಹೆಂಡತಿ ಗಿರಿಜಾ ಹೇಳಬಲ್ಲಳು, ಅವಳ ನೆನಪು ಪಂಚಾಂಗ ಇದ್ದ ಹಾಗೆ. ಆದರೆ ಅವಳು ಈಗ ಮನೆಯಲ್ಲಿಲ್ಲ. ಎಲ್ಲಿಗೆ ಹೋಗಿದ್ದಾಳೆ ಎಂಬುದೇ ಈ ಬರಹದ ಸಿದ್ಧಾಂತ, ಅಂದರೆ ತೀರ್ಮಾನ. ತರ್ಕದ ನಿಯಮದ ಪ್ರಕಾರ ಅದು ಕೊನೆಗೆ ಬರಬೇಕು.

ಧಾರವಾಡದಲ್ಲಿ ನಮಗೆ ತರ್ಕ ಹೇಳಿಕೊಟ್ಟ ಸರ್ ಒಬ್ಬರಿದ್ದರು. ಪ್ರತಿವರ್ಷ ಜೂನ್ ತಿಂಗಳಲ್ಲಿ ಅವರು ಕಾಲೇಜಿನ ಜವಾನ ಬಸಪ್ಪನನ್ನು ಸಾಯಿಸುತ್ತಿದ್ದರು. ಹಲಗೆಯ ಮೇಲೆ ಮೂರು ಸಾಲು ಬರೆಯುವರು: ಮನುಷ್ಯರೆಲ್ಲ ಸಾಯುವವರು, ಬಸಪ್ಪ ಮನುಷ್ಯ, ಆದ್ದರಿಂದ ಬಸಪ್ಪ ಸಾಯುವವನು. ಸೀಮೆಸುಣ್ಣದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ ಬಸಪ್ಪ ತನ್ನ ಮರಣವನ್ನು ಹದಿನೈದು ವರ್ಷ ಸಹಿಸಿಕೊಂಡು ಬಂದಿದ್ದ. ನಮ್ಮ ವರ್ಷ ಮಾತ್ರ ಅವನು ಹಲಗೆಯನ್ನೇ ದಿಟ್ಟಿಸಿ ನೋಡಿ, ಮೇಲಿನ ಎರಡು ಸಾಲಿನಾಗ ಮನುಷ್ಯ ಅಂತ ಐತಿ, ಕೆಳಗಿನ ಸಾಲಿನಾಗ ಇಲ್ಲ, ಅದು ಎಲ್ಲಿ ಹೋತ್ರಿ ಎಂದು ಕೇಳಿದ. ಅದು ಮಧ್ಯಮ ಪದ, ಸಿದ್ಧಾಂತದಲ್ಲಿ ಬರುವುದಿಲ್ಲ ಎಂದರು ಸರ್. ಬಸಪ್ಪ ಡಬ್ಬಿಯನ್ನು ಕಂಕುಳಿಗೆ ಸೇರಿಸಿದ. “ಅಂದ್ರ ನಾ ಸಾಯೂ ಹೊತ್ತಿಗೆ ಮನುಷ್ಯಾನ ಆಗಿರೂದಿಲ್ಲೇನ್ರಿ ಸರ?” ಎಂದ. ಎರಡು ವರ್ಷದ ಎಂ.ಎ.ಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಅದನ್ನು ಕೇಳಿದ್ದು ನಾನೇ ಎಂದು ಬಹಳ ಕಾಲ ನಂಬಿದ್ದೆ.

ಬಸಪ್ಪನಿಗೆ ಉತ್ತರವಾಗಿ ಸರ್ ಹೇಳಿದ ಹೋಲಿಕೆ ಮಾತ್ರ ಅಕ್ಷರಶಃ ನೆನಪಿದೆ. “ಮಧ್ಯಮ ಪದ ಅಂದ್ರ ಲಗ್ನದ ಮಧ್ಯಸ್ಥ ಇದ್ದಂಗಪಾ. ಹುಡುಗಿ ಮನಿಗೂ ಹೋಗ್ತಾನ, ಹುಡುಗನ ಮನಿಗೂ ಹೋಗ್ತಾನ, ಎರಡೂ ಕಡೆ ಅವಲಕ್ಕಿ ತಿಂತಾನ. ಅಕ್ಷತಾ ಬಿದ್ದ ಮ್ಯಾಲೆ ಫೋಟೋದಾಗ ಇರೂದಿಲ್ಲ. ಆದ್ರ ಒಂದು ಶರತ್ತು. ಹುಡುಗಿ ಮನಿಗೆ ಹೋದ ಭೀಮಪ್ಪ ಬ್ಯಾರೆ, ಹುಡುಗನ ಮನಿಗೆ ಹೋದ ಭೀಮಪ್ಪ ಬ್ಯಾರೆ ಅಂದ್ರ ಲಗ್ನ ಆಗೂದಿಲ್ಲ, ಬಡದಾಟ ಆಕ್ಕೈತಿ.” ಅಂದರೆ, ನಡುವಿನ ಶಬ್ದ ಎರಡೂ ಕಡೆ ಒಂದೇ ಅರ್ಥದಲ್ಲಿ ಇರಬೇಕು. ಹೆಸರು ಒಂದೇ ಆಗಿ ಅರ್ಥ ಎರಡಾದರೆ ಆ ತರ್ಕ ತಪ್ಪು. ಪರೀಕ್ಷೆಗೆ ಇದಕ್ಕೆ ಐದು ಅಂಕ. ಜೀವನದಲ್ಲಿ ಇದಕ್ಕೆ ಎಷ್ಟು ಅಂಕ ಎಂದು ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಹೈದರಾಬಾದಿಗೆ ಬಂದ ಮೇಲೆ. ಅದು ಕಂಪ್ಯೂಟರ್ ಕಂಪನಿಗಳು ಮನುಷ್ಯರನ್ನು ಸಗಟಾಗಿ ಸೇರಿಸಿಕೊಳ್ಳುತ್ತಿದ್ದ ಕಾಲ. ಅಮೀರಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೆ ಜಾಗವಿಲ್ಲದಂತೆ ಕೋಚಿಂಗ್ ಸೆಂಟರಿನ ಜಾಹೀರಾತುಗಳು. ಇಂಟರ್‌ವ್ಯೂ ಮಾಡಿದ ತೆಲುಗು ಹುಡುಗ ನನಗಿಂತ ಐದಾರು ವರ್ಷ ಚಿಕ್ಕವನು. ಅವನು ನನ್ನ ಕಾಗದಗಳ ಮೇಲೆ ಕಣ್ಣಾಡಿಸುತ್ತ ಒಂದು ಕಡೆ ನಿಂತ. ಲಾಜಿಕ್‌ನಲ್ಲಿ ಎಂ.ಎ.ಯಾ ಎಂದು ಕೇಳಿದ. ಹೌದು ಎಂದೆ. ಎರಡು ವರ್ಷ ಬರೀ ಲಾಜಿಕ್ಕೇ ಎಂದ. ಬರೀ ಲಾಜಿಕ್ಕೇ ಎಂದೆ. ಅವನ ಮುಖದಲ್ಲಿ ಭಕ್ತಿ ಮೂಡಿತು. ಲಾಜಿಕ್ ಬಂದವರೆಲ್ಲ ಕಂಪ್ಯೂಟರ್ ಕೆಲಸಕ್ಕೆ ಯೋಗ್ಯರು. ಇವನಿಗೆ ಲಾಜಿಕ್ ಬರುತ್ತದೆ. ಆದ್ದರಿಂದ ಇವನು ಯೋಗ್ಯ. ಅವನ ಲಾಜಿಕ್ ಎಂಬ ಭೀಮಪ್ಪ ಬೇರೆ, ನನ್ನ ಲಾಜಿಕ್ ಎಂಬ ಭೀಮಪ್ಪ ಬೇರೆ ಎಂದು ಹೇಳುವುದು ನನ್ನ ಶಾಸ್ತ್ರಧರ್ಮವಾಗಿತ್ತು. ಆ ವೇಳೆಗೆ ಅವನು ಚಹಾ ತರಿಸಿದ್ದ. ಹೀಗೆ ನಾನು ಐದು ಅಂಕದ ತಪ್ಪಿನ ಮೇಲೆ ಕುಳಿತು ಇಷ್ಟು ವರ್ಷ ಉಂಡಿದ್ದೇನೆ.

ಅದೃಷ್ಟಕ್ಕೆ ಟೆಸ್ಟಿಂಗ್ ವಿಭಾಗಕ್ಕೆ ಹಾಕಿದರು. ಉಳಿದವರು ಬರೆದ ಪ್ರೋಗ್ರಾಮು ಸರಿಯಿಲ್ಲ ಎಂದು ಅನುಮಾನ ಪಡುವುದೇ ಅಲ್ಲಿ ಕೆಲಸ. ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಗುಣಕ್ಕೆ ಆಫೀಸಿನಲ್ಲಿ ಪಗಾರ ಕೊಟ್ಟರು. ಆಫೀಸು ಗಚ್ಚಿಬೌಲಿಯಲ್ಲಿ. ನಮ್ಮ ಶಾಸ್ತ್ರದಲ್ಲಿ ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕೆಂಬ ಹಳೆಯ ಉದಾಹರಣೆಯಿದೆ. ಹೊಗೆಯೇ ಅಲ್ಲಿ ನಡುವಿನ ಪದ. ನಮ್ಮ ನಾಲ್ಕನೇ ಮಹಡಿಯ ಕಿಟಕಿಯಿಂದಲೂ ಗುಡ್ಡ ಕಾಣುತ್ತಿತ್ತು, ಮಧ್ಯಾಹ್ನ ಅದರ ಮೇಲೆ ಹೊಗೆಯಂಥದ್ದೂ ಏಳುತ್ತಿತ್ತು. ಆದರೆ ಅದು ಬಂಡೆ ಸಿಡಿಸಿದ ಧೂಳು. ಕಟ್ಟಡ ಏಳುತ್ತಿದ್ದ ಹಾಗೆ ಗುಡ್ಡ ಇಳಿಯುತ್ತ ಹೋಯಿತು. ಒಂದು ಸೋಮವಾರ ನೋಡಿದರೆ ಹೊಗೆಯೂ ಇಲ್ಲ, ಗುಡ್ಡವೂ ಇಲ್ಲ, ಹೊಸ ಕಂಪನಿಯ ಫಲಕ ಮಾತ್ರ ಇತ್ತು.

ಮನೆ ಕೂಕಟ್‌ಪಲ್ಲಿಯಲ್ಲಿ. ಮುಖ್ಯ ರಸ್ತೆಯ ಫ್ಲ್ಯಾಟುಗಳ ಹಿಂದೆ, ಹಳೆಯ ಓಣಿಯಲ್ಲಿ ಎರಡಂತಸ್ತಿನ ಮನೆ. ಮೇಲೆ ನಾವು ಬಾಡಿಗೆಗೆ, ಕೆಳಗೆ ಮನೆಯ ಮಾಲಕಿ. ಇಡೀ ಓಣಿ ಅವರನ್ನು ಖಾಲಾ ಎಂದು ಕರೆಯುತ್ತಿತ್ತು, ನಾವೂ ಕರೆದೆವು. ಖಾಲಾ ಎಂದರೆ ಉರ್ದುವಿನಲ್ಲಿ ತಾಯಿಯ ತಂಗಿ, ನಮ್ಮ ಕಡೆಯ ಚಿಕ್ಕವ್ವ. ಯಜಮಾನರು ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ವಿಕಾರಾಬಾದಿನಲ್ಲಿದ್ದಳು. ಒಂಟಿ ಹೆಂಗಸು, ಅರವತ್ತೈದರ ಮೇಲೆ ವಯಸ್ಸು, ದೊಡ್ಡ ದನಿ.

ಗಿರಿಜಾ ಗದಗಿನ ಕಡೆಯವಳು. ಕನ್ನಡ ಬಿಟ್ಟು ಬೇರೆ ಭಾಷೆ ಅವಳಿಗೆ ಬೇಕಾಗಿರಲಿಲ್ಲ. ಖಾಲಾಗೆ ಹೈದರಾಬಾದಿ ಉರ್ದು ಬಿಟ್ಟು ಬೇರೆ ಬೇಕಾಗಿರಲಿಲ್ಲ. ಆದ್ದರಿಂದ ಇಬ್ಬರ ನಡುವೆ ನಾನು ನೇಮಕವಾದೆ. ಹೈಸ್ಕೂಲಿನಲ್ಲಿದ್ದಾಗ ನಾನು ಹಿಂದಿ ಪರೀಕ್ಷೆಗಳನ್ನು ಒಂದಾದ ಮೇಲೊಂದು ಪಾಸು ಮಾಡಿದವನು, ಆ ಹೆಮ್ಮೆ ಇನ್ನೂ ಇಳಿದಿರಲಿಲ್ಲ. ನಲ್ಲಿ ನೀರು ಸಣ್ಣಗ ಬರಾಕತ್ತೈತಿ ಅಂತ ಹೇಳ್ರಿ ಎಂದು ಗಿರಿಜಾ ಹೇಳಿದರೆ ನಾನು ಮೆಟ್ಟಿಲಿಳಿದು ಹೋಗಿ ಜಲದ ಪ್ರವಾಹ ಕ್ಷೀಣಿಸಿದೆ ಎಂಬರ್ಥದ ಒಂದು ವಾಕ್ಯವನ್ನು ಶುದ್ಧ ಹಿಂದಿಯಲ್ಲಿ ಅರ್ಪಿಸುತ್ತಿದ್ದೆ. ಖಾಲಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುವರು. “ಖಬರಾಂ ಪಡ್‌ರೈಂ ಕ್ಯಾ ಬೇಟಾ?” ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದೀಯೇನಪ್ಪಾ ಎಂದು ಅದರ ಅರ್ಥ. ನಾನು ಅದನ್ನು ಮೆಚ್ಚುಗೆ ಎಂದು ಭಾವಿಸಿದ್ದೆ. ಮೇಲೆ ಹೋಗಿ ಗಿರಿಜಾಗೂ ಹಾಗೆಯೇ ವರದಿ ಮಾಡಿದ್ದೆ.

ಇನ್ನು ಖಲಬತ್ತಾ. ಅಂದರೆ ಒಂದು ಕೈಯಲ್ಲಿ ಎತ್ತುವಷ್ಟು ಕಬ್ಬಿಣದ ಒರಳು, ಅದಕ್ಕೊಂದು ಗುಂಡು ಮೂತಿಯ ಕುಟ್ಟುವ ಹಿಡಿ. ಗಿರಿಜಾಳ ತಾಯಿಯದು. ಅತ್ತೆಯವರು ಎಡಗೈಯವರಾಗಿದ್ದರು, ಜೀವಮಾನವೆಲ್ಲ ಎಡಗೈಯಲ್ಲಿ ಕುಟ್ಟಿ ಅದರ ಅಂಚು ಒಂದೇ ಕಡೆ ಸವೆದು ಇಳಿದಿತ್ತು. ಅವರು ತೀರಿಕೊಂಡಾಗ ಗಿರಿಜಾ ತವರಿನಿಂದ ತಂದದ್ದು ಇದೊಂದನ್ನೇ. ಗದಗಿನಿಂದ ಇಲ್ಲಿಯತನಕ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಕೆಳಗಿಡು ಎಂದರೆ, ಜನರ ಕಾಲು ಹತ್ತತಾವ ಎಂದಳು. ನಮ್ಮ ಮನೆಯ ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಎಲ್ಲ ಆಗುತ್ತಿದ್ದದ್ದು ಅದರಲ್ಲೇ. ಖಾಲಾರ ಹಿತ್ತಾಳೆಯ ಒರಳು ಮಗಳ ಜೊತೆ ವಿಕಾರಾಬಾದಿಗೆ ಹೋಗಿದ್ದರಿಂದ ಮಸಾಲೆ ಕುಟ್ಟಬೇಕಾದಾಗ ಅವರು ಇದನ್ನು ಒಯ್ಯುವರು, ಕುಟ್ಟಿ ತಂದುಕೊಡುವರು.

ನಾಗರ ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಸುಮ್ಮನೆ ಹೋಗುವುದಲ್ಲ, ತವರಿನವರು ಬಂದು ಕರೆದುಕೊಂಡು ಹೋಗಬೇಕು. ಅತ್ತೆಯವರು ಇರುವತನಕ ಅಣ್ಣ ತಪ್ಪದೆ ಬರುತ್ತಿದ್ದ. ಅವರು ಹೋದ ಮೇಲೆ ಫೋನ್ ಬರುತ್ತದೆ: ಬರೂದಿದ್ರ ಬಾ. ಈ ‘ಬರೂದಿದ್ರ’ ಎಂಬುದನ್ನು ಕೇಳಿ ಗಿರಿಜಾ ಎರಡು ವರ್ಷ ಹೋಗಿರಲಿಲ್ಲ. “ಕರಿಯಾಕ ಬರದ ತವರಿಗೆ ನಾ ಹ್ಯಾಂಗ ಹೋಗಲಿ?” ಎಂದಿದ್ದಳು ಒಮ್ಮೆ, ಪಾತ್ರೆ ತೊಳೆಯುತ್ತ, ಗೋಡೆಗೆ. ಈ ಸಲ ಮಾತ್ರ ತಾನೇ ಇಲ್ಲಿಯೇ ಎಳ್ಳು ಬೆಲ್ಲ ಹಾಕಿ ಚಿಗಳಿ ಕುಟ್ಟುತ್ತೇನೆ, ಅವ್ವನ ಖಲಬತ್ತಾದಲ್ಲೇ ಕುಟ್ಟುತ್ತೇನೆ ಎಂದು ನಿರ್ಧರಿಸಿದ್ದಳು. ಹಬ್ಬಕ್ಕೆ ನಾಲ್ಕು ದಿನ ಇದೆ ಎನ್ನುವಾಗ, ಒಂದು ಶನಿವಾರ, ಎಳ್ಳು ಹುರಿದಿಟ್ಟು ನನ್ನನ್ನು ಕರೆದಳು. ತಾನು ಖಾಲಾಗೆ ಕೊಟ್ಟು ಹದಿನೈದು ದಿನ ಆಯಿತು, ಹೋಗಿ ಇಸಕೊಂಡು ಬರ್ರಿ ಎಂದಳು.

ಇಲ್ಲಿ ನನ್ನ ವಿದ್ಯೆ ಅಡ್ಡ ಬಂತು. ಮನೆಯ ಮಾಲಕಿಯ ಮುಂದೆ ನಿಂತು ನಮ್ಮ ಸಾಮಾನು ಕೊಡಿ ಎಂದು ನೇರವಾಗಿ ಕೇಳುವುದು ಹೇಗೆ? ಆದ್ದರಿಂದ ಮೆಟ್ಟಿಲಿಳಿಯುತ್ತಲೇ ಒಂದು ನಯವಾದ ವಾಕ್ಯ ಕಟ್ಟಿದೆ: ಹಿಂದೆ ತಾವು ಒಯ್ದಿದ್ದ ನಮ್ಮ ಖಲಬತ್ತಾ ಹಿಂತಿರುಗಿ ಬಂತೋ ಹೇಗೆ? ಖಾಲಾ ತಕ್ಷಣ ಉತ್ತರ ಕೊಟ್ಟರು. “ಪರಸೋಂಚ್ ದೇ ದೀ ನಾ ಬೇಟಾ, ತುಮಾರೇಚ್ ಹಾತ್ ಮೇಂ.” ಪರಸೋಂ ಕೊಟ್ಟೆನಲ್ಲಪ್ಪಾ, ನಿನ್ನ ಕೈಯಲ್ಲೇ.

ಪರಸೋಂ ಎಂಬ ಶಬ್ದ ನಮ್ಮ ಹಿಂದಿ ಪುಸ್ತಕದ ಮೂರನೆಯ ಪಾಠದಲ್ಲೇ ಬಂದಿತ್ತು. ಮುಂದಿನ ಮಾತಾದರೆ ನಾಡಿದ್ದು, ಹಿಂದಿನ ಮಾತಾದರೆ ಮೊನ್ನೆ. ಕೊಟ್ಟೆ ಎನ್ನುವುದು ಹಿಂದಿನ ಮಾತು. ಆದ್ದರಿಂದ ಮೊನ್ನೆ, ಅಂದರೆ ಗುರುವಾರ. ನಾನು ಮೆಟ್ಟಿಲ ಮೇಲೆಯೇ ಕುಳಿತು ಲೆಕ್ಕ ಹಾಕಿದೆ. ಗುರುವಾರ ನನಗೆ ನೆಗಡಿ, ರಜೆ ಹಾಕಿದ್ದೆ. ಗಿರಿಜಾ ಬಾಲಾನಗರದಲ್ಲಿರುವ ನಮ್ಮ ಕಡೆಯವರ ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದಳು. ಮೊನ್ನೆ ಮನೆಯಲ್ಲಿದ್ದು ಏನನ್ನಾದರೂ ಇಸಕೊಳ್ಳಬಹುದಾಗಿದ್ದವನು ನಾನೊಬ್ಬನೇ. ಖಲಬತ್ತಾ ಬಂದದ್ದು ಮೊನ್ನೆ. ಆದ್ದರಿಂದ ಅದನ್ನು ಇಸಕೊಂಡವನು ನಾನು. ನಡುವಿನ ಪದ ‘ಮೊನ್ನೆ’, ಸಿದ್ಧಾಂತದಲ್ಲಿ ಕಾಣೆಯಾಗಿದೆ, ಆಗಬೇಕಾದದ್ದೇ. ಸರ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಆದರೆ ನನಗೆ ಏನೂ ನೆನಪಿರಲಿಲ್ಲ. ಇಂಥ ಸಂದರ್ಭದಲ್ಲಿ ಎರಡೇ ದಾರಿ: ಖಾಲಾ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ನನ್ನ ತಲೆ ಸೋರುತ್ತಿದೆ. ಖಾಲಾ ಸುಳ್ಳು ಹೇಳುವವರಲ್ಲ. ಈ ಊರಿನಲ್ಲಿ ಗಿರಿಜಾಗೆ ಮಧ್ಯಾಹ್ನ ಹೋಗಿ ಕೂರಲು ಇದ್ದದ್ದು ಅದೊಂದೇ ಮನೆ, ಅದನ್ನು ಕೆಡಿಸುವುದೂ ನನ್ನಿಂದ ಆಗದು. ಎರಡನೆಯ ದಾರಿಯೇ ಸುಲಭವಾಗಿತ್ತು, ಮತ್ತು ಅದಕ್ಕೆ ಮೊದಲಿನಿಂದಲೂ ಆಧಾರಗಳಿದ್ದವು. ಹೀಗೆ ಒಪ್ಪಿಕೊಂಡ ಕೂಡಲೇ ಒಂದು ವಿಚಿತ್ರ ನಡೆಯಿತು. ನೆನಪು ಬರತೊಡಗಿತು. ಬಾಗಿಲ ಹೊರಗೆ ಖಾಲಾರ ಗಾಜಿನ ಬಳೆಯ ಸದ್ದು. ಅಂಗೈಗೆ ಕಬ್ಬಿಣ ತಣ್ಣಗೆ ತಾಗಿದ್ದು. ಭಾರಕ್ಕೆ ಮಣಿಕಟ್ಟು ಕೆಳಗೆ ಬಾಗಿದ್ದು. ಏಲಕ್ಕಿಯ ಸಣ್ಣ ವಾಸನೆ. ಮೇಲೆ ಹೋಗುವಷ್ಟರಲ್ಲಿ ಸಂಶಯವೇ ಉಳಿದಿರಲಿಲ್ಲ. ಹೌದು, ಗುರುವಾರ ಖಾಲಾ ತಂದುಕೊಟ್ಟರು, ನಾನೇ ಇಸಕೊಂಡೆ, ಕೈಗೆ ತಣ್ಣಗೆ ತಾಗಿತ್ತು, ಏಲಕ್ಕಿ ವಾಸನೆಯೂ ಬಂತು ಎಂದು ಗಿರಿಜಾ ಮುಂದೆ ಸಾಕ್ಷಿ ನುಡಿದೆ. ಅವಳು ಸೌಟು ಕೆಳಗಿಟ್ಟಳು.

“ಎಲ್ಲಿ ಇಟ್ರಿ?”

ತರ್ಕ ಇಲ್ಲಿಯತನಕ ಬಂದು ಕೈಬಿಟ್ಟಿತು. ಇಸಕೊಂಡವನು ನಾನು ಎಂದು ಸಿದ್ಧಮಾಡಬಹುದು. ಎಲ್ಲಿಟ್ಟೆ ಎಂಬುದಕ್ಕೆ ಆಧಾರವಾಕ್ಯವೇ ಇಲ್ಲ. ಶನಿವಾರವೂ ಭಾನುವಾರವೂ ಹುಡುಕಿದೆವು. ಅಟ್ಟ, ಅಕ್ಕಿ ಡಬ್ಬಿ, ಚಪ್ಪಲಿಯ ಗೂಡು, ಸ್ಕೂಟರಿನ ಡಿಕ್ಕಿ. ಕಳೆದ ವರ್ಷ ನಾನು ಕಳೆದುಕೊಂಡಿದ್ದ ಎರಡು ಕೊಡೆ, ಒಂದು ಬೀಗದ ಕೈ, ಯಾರದೋ ಮದುವೆಯ ಕರೆಯೋಲೆ ಸಿಕ್ಕವು. ಗಿರಿಜಾ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಹುರಿದ ಎಳ್ಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಮಿಕ್ಸರಿನಲ್ಲಿ ಹಾಕಿದರಾಗದೇ ಎಂದು ನಾನು ಕೇಳಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಿಕ್ಸರಿಗೆ ಎಡಗೈ ಇರೂದಿಲ್ಲ ಎಂದಳು, ಅಷ್ಟೇ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊಸ ಅನುಮಾನ ಹುಟ್ಟಿತು. ನೆಗಡಿಯ ಮಾತ್ರೆಯ ಮಂಪರಿನಲ್ಲಿ ಅದನ್ನು ಆಫೀಸಿನ ಚೀಲಕ್ಕೆ ಹಾಕಿ ಶುಕ್ರವಾರ ಅಲ್ಲಿಗೇ ಒಯ್ದಿದ್ದರೆ? ನಮ್ಮ ಆಫೀಸಿನ ಗೇಟಿನಲ್ಲಿ ಚೀಲ ತೆರೆದು ನೋಡುತ್ತಿದ್ದವನು ಸೇಡಂ ಕಡೆಯ ಮಲ್ಲಪ್ಪ. ಇಪ್ಪತ್ತು ವರ್ಷದ ಹಿಂದೆ ಕಲ್ಲು ಒಡೆಯುವ ಕೆಲಸಕ್ಕೆಂದು ಹೈದರಾಬಾದಿಗೆ ಬಂದವನು. ಅವನು ಒಡೆದ ಬಂಡೆಗಳ ಜಾಗದಲ್ಲೇ ಈಗ ಅವನಿಗೆ ಟೋಪಿ, ಸೀಟಿ, ಕುರ್ಚಿ. ಕನ್ನಡ ಆಡುವ ಆಸೆಗೆ ನನ್ನ ಚೀಲವನ್ನು ಬೇರೆಯವರದಕ್ಕಿಂತ ನಿಧಾನ ಪರೀಕ್ಷಿಸುತ್ತಿದ್ದ. ಶುಕ್ರವಾರ ನನ್ನ ಚೀಲದಲ್ಲಿ ಕಬ್ಬಿಣದ್ದು ಏನಾದರೂ ಇತ್ತೇ, ಗುಂಡಗೆ, ಭಾರವಾಗಿ, ಜೊತೆಗೊಂದು ಹಿಡಿ ಎಂದು ತಗ್ಗಿದ ದನಿಯಲ್ಲಿ ಕೇಳಿದೆ. ಮಲ್ಲಪ್ಪನ ಕೈ ತಾನಾಗಿ ಸೀಟಿಯ ಕಡೆ ಹೋಯಿತು. ಚಟ್ನಿ ಕುಟ್ಟುವುದು ಎಂದು ತಿಳಿದ ಮೇಲೆ ಕೆಳಗಿಳಿಯಿತು. ಪೂರ್ತಿ ಕಥೆ ಹೇಳಿಸದೆ ಅವನು ಬಿಡಲಿಲ್ಲ. ಖಾಲಾರ ಮಾತನ್ನು ಅವರ ಶಬ್ದಗಳಲ್ಲೇ ಹೇಳಿದೆ. ಪರಸೋಂ ಎಂಬಲ್ಲಿಗೆ ಬರುತ್ತಲೇ ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಗತೊಡಗಿದ.

“ಸರ, ಈ ಊರಾಗ ಪರಸೋಂ ಅಂದ್ರ ಮೊನ್ನಿ ಅಲ್ರಿ. ಹಿಂದ ಯಾವಾಗೋ ಅಂತ, ಅಷ್ಟ. ಪರಸೋಂ ಮದುವಿ ಆತು ಅಂತ ನಮ್ಮ ಹಳೇ ಸೇಠ್ ಅಂದಾ. ನಾ ಖುಷಿಲಿಂದ ಕೈ ಕುಲುಕೀನಿ. ಮಗ್ಗಲದಾಗ ಅವನ ಮಗ ಕುಂತಾನ್ರಿ, ಗಡ್ಡ ಬಿಟಗೊಂಡು.”

ನಾನು ಗೇಟಿನಲ್ಲೇ ನಿಂತುಬಿಟ್ಟೆ. ಹಿಂದೆ ಚೀಲ ಹಿಡಿದವರ ಸಾಲು ಬೆಳೆಯುತ್ತಿತ್ತು. ಪುಸ್ತಕದ ಪರಸೋಂ ಬೇರೆ, ಖಾಲಾರ ಪರಸೋಂ ಬೇರೆ. ಎರಡು ಭೀಮಪ್ಪ! ಯಾವ ತಪ್ಪನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ವಿವರಿಸಿದ್ದೆನೋ, ಯಾವ ತಪ್ಪಿನ ಅನ್ನವನ್ನು ಇಷ್ಟು ವರ್ಷ ಉಂಡಿದ್ದೆನೋ, ಅದೇ ತಪ್ಪನ್ನು ಮೆಟ್ಟಿಲ ಮೇಲೆ ಕುಳಿತು ಮಾಡಿದ್ದೆ. ಮತ್ತೆ ಒಂದೊಂದೇ ಗಂಟು ಬಿಚ್ಚಿಕೊಂಡಿತು. ಹೋದ ಚಳಿಗಾಲದಲ್ಲಿ ಒಮ್ಮೆ ಖಾಲಾ ಖಲಬತ್ತಾ ಒಯ್ದಿದ್ದರು, ಬಿರಿಯಾನಿಗೆ ಏಲಕ್ಕಿ ಕುಟ್ಟಲು. ಆಗ ನಿಜವಾಗಿಯೂ ನನ್ನ ಕೈಯಲ್ಲೇ ತಂದುಕೊಟ್ಟಿದ್ದರು. ಬಳೆಯ ಸದ್ದು, ತಣ್ಣನೆಯ ಕಬ್ಬಿಣ, ಏಲಕ್ಕಿ ವಾಸನೆ, ಎಲ್ಲ ಆ ದಿನದ್ದು. ‘ಹಿಂದೆ ತಾವು ಒಯ್ದಿದ್ದ’ ಎಂದು ನಾನು ನಯ ಮಾಡಿ ಕೇಳಿದ್ದಕ್ಕೆ ಅವರು ಆ ಹಿಂದಿನದರ ಉತ್ತರ ಕೊಟ್ಟಿದ್ದರು. ಅಂದರೆ ನನ್ನ ನೆನಪು ಸರಿಯಾಗಿತ್ತು, ತರ್ಕ ತಪ್ಪಾಗಿತ್ತು. ಜನ್ಮದಲ್ಲಿ ಹೀಗಾದದ್ದು ಇದೇ ಮೊದಲು. ಯಾವುದಕ್ಕೆ ದುಃಖಪಡಬೇಕು, ಯಾವುದಕ್ಕೆ ಸಂತೋಷಪಡಬೇಕು ತಿಳಿಯಲಿಲ್ಲ. ಮಲ್ಲಪ್ಪ ಸೀಟಿ ಊದಿ ನನ್ನನ್ನು ಒಳಗೆ ಕಳಿಸಿದ.

ಆ ದಿನ ಆಫೀಸಿನಲ್ಲಿ ನಾನು ಒಂದೂ ತಪ್ಪು ಕಂಡುಹಿಡಿಯಲಿಲ್ಲ. ಖಾಲಾಗೆ ನೋವಾಗದಂತೆ ಖಲಬತ್ತಾ ತಮ್ಮಲ್ಲೇ ಇದೆ ಎಂದು ಹೇಳುವ ವಾಕ್ಯವನ್ನು ಕಟ್ಟುತ್ತ ಕೆಡವುತ್ತ ಕುಳಿತಿದ್ದೆ. ಹನ್ನೊಂದು ಕರಡು ಆದವು. ಕೊನೆಯದರಲ್ಲಿ ಮೂರು ‘ಕೃಪಯಾ’ ಇದ್ದವು. ಅದನ್ನು ಬಾಯಿಪಾಠ ಮಾಡಿಕೊಂಡು ಸಂಜೆ ಓಣಿಗೆ ಕಾಲಿಟ್ಟರೆ ದೂರದಿಂದಲೇ ಟಣ್ ಟಣ್ ಎಂಬ ಸದ್ದು.

ಖಾಲಾರ ಪಡಸಾಲೆಯ ನೆಲದ ಮೇಲೆ ಜಮಖಾನ ಹಾಸಿತ್ತು. ಗಿರಿಜಾ ಖಲಬತ್ತಾವನ್ನು ಎರಡು ಕಾಲಿನ ನಡುವೆ ಹಿಡಿದು ಕುಟ್ಟುತ್ತಿದ್ದಳು. ಅವಳು ಬಲಗೈಯವಳು, ಆದರೆ ಎಡಗೈಯಲ್ಲಿ ಕುಟ್ಟುತ್ತಿದ್ದಳು. ಖಾಲಾ ಬೆಲ್ಲ ಹೆರೆದು ಹಾಕುತ್ತಿದ್ದರು. ಒಬ್ಬರು ಕನ್ನಡದಲ್ಲಿ, ಒಬ್ಬರು ಉರ್ದುವಿನಲ್ಲಿ, ಇಬ್ಬರೂ ಒಟ್ಟೊಟ್ಟಿಗೆ ಮಾತಾಡುತ್ತಿದ್ದರು. ನನ್ನನ್ನು ಯಾರೂ ಗಮನಿಸಲಿಲ್ಲ. ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಜಲ್ದಿ, ಸಾಫ್, ಬರೋಬ್ಬರಿ, ಕಮ್ಮಿ, ಜಾಸ್ತಿ, ತಯಾರ್, ದವಾಖಾನಿ. ಗದಗಿನ ಕನ್ನಡ ಯಾವುದು, ಹೈದರಾಬಾದಿನ ಉರ್ದು ಯಾವುದು ಎಂದು ಬೇರ್ಪಡಿಸುವುದು ನನ್ನಂಥ ಹಿಂದಿ ಪಂಡಿತನಿಗೆ ಕಷ್ಟವಾಗಿತ್ತು, ಅವರಿಗೆ ಅಂಥ ಕಷ್ಟವೇ ಇದ್ದಂತಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ನಾನು ಬಸ್ಸಿಗೆ ಹೋದ ಮೇಲೆ ಗಿರಿಜಾ ತಾನೇ ಕೆಳಗಿಳಿದು, ಕೈಯಿಂದ ಕುಟ್ಟುವ ಹಾಗೆ ಮಾಡಿ ತೋರಿಸಿದ್ದಾಳೆ. ಖಾಲಾ ಹಣೆ ಬಡಿದುಕೊಂಡು ಒಳಗೆ ಹೋಗಿ, ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆಂದು ಇಟ್ಟಿದ್ದ ಖಲಬತ್ತಾ ಎತ್ತಿಕೊಂಡು ಬಂದಿದ್ದಾರೆ. ಎರಡು ದಿನದ ಸಂಶೋಧನೆ ಎರಡು ನಿಮಿ‍ಷಕ್ಕೆ ಮುಗಿದಿದೆ. ನಾನು ಹನ್ನೊಂದನೆಯ ಕರಡನ್ನು ನುಂಗಿಕೊಂಡು, ನೀವಿಬ್ಬರೂ ಹೀಗೆ ಮಾತಾಡುವುದು ಯಾವಾಗಿನಿಂದ ಎಂದು ಗಿರಿಜಾಳನ್ನು ಕೇಳಿದೆ. ಬಂದ ತಿಂಗಳಿನಿಂದಲೂ, ದಿನಾ ಮಧ್ಯಾಹ್ನ ಎಂದಳು. ಹಾಗಾದರೆ ನನ್ನನ್ನೇಕೆ ಕಳಿಸುತ್ತಿದ್ದೆ ಎಂದೆ.

“ನೀವು ಖುಷಿಲೆ ಹೋಗತಿದ್ರಿ, ಹೋಗವಲ್ರ್ಯಾಕ ಅಂತ ಬಿಟ್ಟೆ. ಆದ್ರ ನಾವಿಬ್ರ ಇದ್ದಾಗ ಎಲ್ಲಾ ಬರೋಬ್ಬರಿ ತಿಳೀತಿತ್ತ್ರಿ. ನೀವು ನಡಕ ಬಂದ್ರಷ್ಟ ಗೊಂದಲ.”

ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. ಅಲ್ಲ, ಗುರುವಾರ ಯಾರೂ ಏನೂ ಕೊಟ್ಟೇ ಇಲ್ಲ, ಮತ್ತೆ ಕೈಗೆ ತಣ್ಣಗ ಹತ್ತಿತ್ತು, ಏಲಕ್ಕಿ ವಾಸನಿ ಬಂತು ಅಂತ ಸಾಕ್ಷಿ ಹೇಳಿದಿರಲ್ಲ, ಯಾಕ? ಅದಕ್ಕೆ ನಾನು ಉತ್ತರವಾಗಿ ಮಧ್ಯಮ ಪದದ ದೋಷ ಎಂದರೇನು ಎಂದು ವಿವರಿಸತೊಡಗಿದೆ. ಖಾಲಾ ಅರ್ಧಕ್ಕೆ ತಡೆದು, ನನಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಬಾಯಿ ತೆರೆ ಎಂದು ಸನ್ನೆ ಮಾಡಿ ಒಂದು ಚಿಗಳಿ ಉಂಡೆ ಇಟ್ಟರು. ಎಳ್ಳು, ಬೆಲ್ಲ, ಅದರಲ್ಲಿ ಉಪ್ಪಿನಕಾಯಿ ಭರಣಿಯ ಒಂದು ಸಣ್ಣ ನೆನಪು. ಅತ್ತೆಯವರ ಚಿಗಳಿಯೂ ಹೀಗೆಯೇ ಇತ್ತು ಎನ್ನಿಸಿತು, ಉಪ್ಪಿನಕಾಯಿ ಒಂದನ್ನು ಬಿಟ್ಟು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಒಂದು ದಿನದ ಕುಟ್ಟುವಿಕೆಯಲ್ಲಿ ಪಂಚಮಿ ಎಂದರೇನು, ಕರೆಯಲು ಬರುವುದೆಂದರೇನು, ‘ಬರೂದಿದ್ರ ಬಾ’ ಎಂದರೇನು ಎಂಬುದೆಲ್ಲ ಅನುವಾದಕನಿಲ್ಲದೆ ಗಿರಿಜಾಳಿಂದ ಖಾಲಾಗೆ ತಲುಪಿತ್ತು. ಮಂಗಳವಾರ ಸಂಜೆ ನಾನು ಆಫೀಸಿನಿಂದ ಬಂದು ಚಹಾ ಕುಡಿಯುತ್ತಿದ್ದಾಗ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಮೊಣಕಾಲು ನೋವಿನ ಖಾಲಾ ಮೆಟ್ಟಿಲು ಹತ್ತುತ್ತಿದ್ದದ್ದು ಅಪರೂಪ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು, ಕೈಯಲ್ಲಿ ಹಸಿರು ಬಳೆಗಳ ಒಂದು ಪೊಟ್ಟಣ. ಬಾಗಿಲಲ್ಲಿ ಉಸಿರು ತೆಗೆದುಕೊಂಡು ನನ್ನ ಕಡೆ ನೋಡಿ, ಬೀಗರ ಮನೆಗೆ ಬಂದವರ ಗಾಂಭೀರ್ಯದಲ್ಲಿ ಹೇಳಿದರು: “ಬೇಟಿ ಕೂ ಲೇ ಜಾನೆ ಆಯಿ.” ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ. ಒಳಗಿನಿಂದ ಗಿರಿಜಾ ಹೊರಬಂದಳು. ಆಗಲೇ ಚೀಲ ತುಂಬಿ ಇಟ್ಟಿದ್ದಳು.

ಎಲ್ಲಿಗೆ ಎಂದೆ.

“ತವರಮನಿಗ್ರಿ. ಖಾಲಾ ಅಂದ್ರ ಚಿಕ್ಕವ್ವ ಅಂತ ನೀವ ಹೇಳೀರಿ. ಚಿಕ್ಕವ್ವನ ಮನಿ ತವರಮನಿ ಹೌದಿಲ್ಲ? ಮತ್ತ?”

ಮೂರು ಸಾಲು, ಅಚ್ಚುಕಟ್ಟಾಗಿ. ನಡುವಿನ ಪದ ‘ಚಿಕ್ಕವ್ವ’. ಓಣಿಯವರೆಲ್ಲ ಬಾಯಿಮಾತಿಗೆ ಕರೆಯುವ ಚಿಕ್ಕವ್ವ ಬೇರೆ, ಹೆತ್ತ ತಾಯಿಯ ಬೆನ್ನಿಗೆ ಹುಟ್ಟಿದ ಚಿಕ್ಕವ್ವ ಬೇರೆ. ಇಬ್ಬರು ಭೀಮಪ್ಪ, ಲಗ್ನ ಆಗಕೂಡದು. ಆಕ್ಷೇಪ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಖಾಲಾ ಗಿರಿಜಾಳ ಕೈ ಹಿಡಿದು ಒಂದೊಂದಾಗಿ ಹಸಿರು ಬಳೆ ಏರಿಸತೊಡಗಿದರು. ಗಿರಿಜಾ ಮುಖ ಆಚೆ ತಿರುಗಿಸಿಕೊಂಡಳು. ಐದು ಅಂಕ ಹೋದರೆ ಹೋಗಲಿ ಎಂದು ಚಹಾ ಕುಡಿದೆ. ಇಬ್ಬರೂ ಕೈ ಹಿಡಿದುಕೊಂಡು ಹನ್ನೆರಡು ಮೆಟ್ಟಿಲು ಇಳಿದು ತವರಿಗೆ ಹೋದರು. ನಾನು ಬಾಗಿಲವರೆಗೆ ಬಂದು, ಯಾವಾಗ ಬರುತ್ತಿ ಎಂದು ಕೇಳಿದೆ. ಕೆಳಗೆ ಏನೋ ಪಿಸುಮಾತು, ನಗು. ಆಮೇಲೆ ಎರಡು ದನಿ ಒಟ್ಟಿಗೆ: “ಪರಸೋಂ.”

ಪುಸ್ತಕದ ಪ್ರಕಾರ ಅದು ಗುರುವಾರವೇ ಆಗಬೇಕಿತ್ತು. ಇವತ್ತು ಶನಿವಾರ. ಸರ್ ಹೇಳಿದ್ದು ನಿಜ, ಫೋಟೋದಲ್ಲಿ ನಾನಿಲ್ಲ. ದಿನಕ್ಕೆರಡು ಸಲ ಮೆಟ್ಟಿಲ ಮೇಲೊಂದು ತಟ್ಟೆ ಬಂದು ಕೂತಿರುತ್ತದೆ, ಅದರಲ್ಲಿ ರೊಟ್ಟಿ, ಗುರೆಳ್ಳು ಚಟ್ನಿ, ಒಂದೊಂದು ಸಲ ಖಾಲಾರ ಬಗಾರಾ ಅನ್ನ. ಕೆಳಗೆ ಟಣ್ ಟಣ್ ನಡೆದೇ ಇದೆ. ದೂರು ಹೇಳುವಂಥದ್ದೇನೂ ಇಲ್ಲ. ಇವತ್ತು ತಟ್ಟೆ ಬರುವುದು ತಡವಾದ್ದರಿಂದ ನಾನೇ ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಇದನ್ನು ಬರೆಯಲು ಕುಳಿತೆ. ಇಷ್ಟು ಹೊತ್ತಾಯಿತು, ಸೀಟಿ ಕೇಳಿಸಲಿಲ್ಲ. ಎದ್ದು ಹೋಗಿ ನೋಡಬೇಕು. ಅನ್ನಕ್ಕಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ, ಅಕ್ಕಿ ತೊಳೆದ ನೀರು ಬೆರಳಿಗೆ ತಣ್ಣಗೆ ತಾಗಿದ್ದೂ ನೆನಪಿದೆ. ಆದರೆ ಅದು ಇವತ್ತೋ, ಪರಸೋಂನೋ.